ಜಪಾನಿನ ಪಾಪ್ ಸರ್ರಿಯಲಿಸ್ಟ್ ಚಿತ್ರಗಳಲ್ಲಿ ಮುದ್ದು ಮತ್ತು ಅಸಹಾಯಕತೆ

ದೊಡ್ಡ ತಲೆ, ಅಗಲವಾದ ಹಣೆ, ಮುಖದ ಕೆಳಗಿನ ಅರ್ಧಕ್ಕೆ ಇಳಿದ ಕಣ್ಣುಗಳು, ಇದ್ದೂ ಇಲ್ಲದಂತಿರುವ ಮೂಗು, ಮೊಟಕು ಕೈಕಾಲು. 1990ರ ದಶಕದಿಂದ ಈಚೆಗೆ ಜಪಾನಿನಲ್ಲಿ ಬೆಳೆದ ಒಂದು ಬಗೆಯ ಚಿತ್ರಗಳನ್ನು ದೂರದಿಂದ ಗುರುತಿಸಲು ಇಷ್ಟು ಸಾಕು. ಹತ್ತಿರ ಹೋದಾಗ ಆ ಮಗುವಿನ ಮುಷ್ಟಿಯಲ್ಲೊಂದು ಚಾಕು ಕಾಣುತ್ತದೆ. ಇನ್ನೊಂದರ ತಲೆಗೆ ಬ್ಯಾಂಡೇಜು ಸುತ್ತಿದೆ. ಮತ್ತೊಂದರ ಕಣ್ಣಲ್ಲಿ ಪಾಪೆಯ ಬದಲು ನಕ್ಷತ್ರಗಳು ತುಂಬಿವೆ. ಮುದ್ದಿಸಬೇಕೆನಿಸುವ ರೂಪವನ್ನು ಕನಸು, ಭಯ ಮತ್ತು ಗಾಯಗಳ ಚಿತ್ರಣಕ್ಕೆ ಬಳಸಿಕೊಳ್ಳುವ ಈ ಕಲೆಯನ್ನು ಪಾಪ್ ಸರ್ರಿಯಲಿಸಂ ಎಂಬ ಹೆಸರಿನಡಿ ಸೇರಿಸುವುದು ವಾಡಿಕೆ. ಯೋಶಿತೊಮೊ ನಾರಾ, ತಕಾಶಿ ಮುರಕಾಮಿ, ಆಯಾ ತಕಾನೊ, ಚಿಹೊ ಆಓಶಿಮಾ, ಮಕೊಟೊ ಐದಾ, ಹಿಕಾರಿ ಶಿಮೊದಾ, ಕಝುಕಿ ತಕಾಮತ್ಸು, ನಾಓತೊ ಹತ್ತೊರಿ ಈ ಸಂದರ್ಭದಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರುಗಳು. ಇವರಲ್ಲಿ ಹಲವರು ಈ ಹಣೆಪಟ್ಟಿಯನ್ನು ತಾವಾಗಿ ಅಂಟಿಸಿಕೊಂಡವರಲ್ಲ.

ಸಿಹಿಯಾದ ಮೇಲ್ಪದರದ ಕೆಳಗೆ ಕಹಿ ಅಡಗಿದೆ ಎಂದು ಈ ಚಿತ್ರಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಮುದ್ದೆನಿಸುವುದೆಲ್ಲ ನೋಡುವವನಿಗಿಂತ ಚಿಕ್ಕದಾಗಿರುತ್ತದೆ, ಅವನಿಗಿಂತ ದುರ್ಬಲವಾಗಿರುತ್ತದೆ, ಅವನ ದಯೆಯ ಮೇಲೆ ನಿಂತಿರುತ್ತದೆ. ಹಾಗಾಗಿ ಅಸಹಾಯಕತೆಯನ್ನು ಮುದ್ದಿನ ಅಡಿಯಲ್ಲಿ ಹುಡುಕಬೇಕಾದ್ದಿಲ್ಲ. ಮುದ್ದು ಹುಟ್ಟುವುದೇ ಅದರಿಂದ. ಇಲ್ಲಿನ ಒಳ್ಳೆಯ ಚಿತ್ರಕಾರರು ಮಾಡಿದ ಹೊಸ ಕೆಲಸವೆಂದರೆ, ತನ್ನನ್ನು ಹೀಗೆ ನೋಡುತ್ತಿದ್ದಾರೆ ಎಂಬುದು ಆ ಚಿಕ್ಕ ಜೀವಕ್ಕೆ ಗೊತ್ತಿದೆ ಎಂದು ತೋರಿಸಿದ್ದು. ಅದನ್ನು ತೋರಿಸುವ ಜಾಗ ಹೆಚ್ಚಿನ ಪಾಲು ಕಣ್ಣು. ಯಾವ ಚಿತ್ರಕಾರ ಎಷ್ಟು ದೂರ ಹೋದ ಎಂದು ಅಳೆಯಲು ಅವನು ಬರೆದ ಕಣ್ಣುಗಳನ್ನು ನೋಡಬೇಕು.

ಹೆಸರಿನ ಹಿನ್ನೆಲೆ

ಪಾಪ್ ಸರ್ರಿಯಲಿಸಂ ಎಂಬ ಹೆಸರು ಅಮೆರಿಕದ್ದು. ಕಾಮಿಕ್ಸ್, ಹಚ್ಚೆ, ರೇಸ್ ಕಾರುಗಳ ಬಣ್ಣಗಾರಿಕೆ, ಅಗ್ಗದ ಸಿನಿಮಾ ಪೋಸ್ಟರುಗಳನ್ನು ಕಂಡು ಬೆಳೆದ ಕ್ಯಾಲಿಫೋರ್ನಿಯಾದ ಚಿತ್ರಕಾರರು ದೊಡ್ಡ ಗ್ಯಾಲರಿಗಳು ತಮ್ಮನ್ನು ಸೇರಿಸಿಕೊಳ್ಳದಿದ್ದಾಗ ತಮ್ಮದೇ ಜಾಗಗಳನ್ನು ಕಟ್ಟಿಕೊಂಡರು. ಲಾಸ್ ಏಂಜಲೀಸ್‌ನಲ್ಲಿ ಲಾ ಲೂಜ್ ದೆ ಹೆಸೂಸ್ ಗ್ಯಾಲರಿ 1986ರಲ್ಲಿ ಶುರುವಾಯಿತು. ಚಿತ್ರಕಾರ ರಾಬರ್ಟ್ ವಿಲಿಯಮ್ಸ್ ಮುಂದಾಳತ್ವದಲ್ಲಿ 'ಜಕ್ಸ್ಟಪೋಸ್' ಪತ್ರಿಕೆ 1994ರಲ್ಲಿ ಬಂತು. 1998ರಲ್ಲಿ ಕನೆಕ್ಟಿಕಟ್‌ನ ಆಲ್ಡ್ರಿಚ್ ಮ್ಯೂಸಿಯಂ ಇದೇ ಹೆಸರಿನ ಪ್ರದರ್ಶನ ನಡೆಸಿತು, 2004ರಲ್ಲಿ ಕರ್ಸ್ಟನ್ ಆಂಡರ್ಸನ್ ಇದೇ ಹೆಸರಿನ ಪುಸ್ತಕ ಸಂಪಾದಿಸಿದರು. ಪಿಂಗಾಣಿ ಮೈಬಣ್ಣದ ಹುಡುಗಿಯರನ್ನು ಹಸಿ ಮಾಂಸದ ತುಂಡುಗಳ ಪಕ್ಕ ಕೂರಿಸುವ ಮಾರ್ಕ್ ರೈಡನ್ ಈ ಧಾರೆಯ ತಾರೆ. ಇದಕ್ಕೂ ಹಿಂದೆ, 1960ರ ದಶಕದಲ್ಲಿ, ತಟ್ಟೆಯಗಲದ ಕಣ್ಣಿನ ಅನಾಥ ಮಕ್ಕಳನ್ನು ಬರೆದ ಮಾರ್ಗರೆಟ್ ಕೀನ್ ಇದ್ದರು. ಆಕೆಯ ಚಿತ್ರಗಳು ಗಂಡನ ಹೆಸರಿನಲ್ಲಿ ಮಾರಾಟವಾದ ಕಥೆ 2014ರ 'ಬಿಗ್ ಐಸ್' ಸಿನಿಮಾದಿಂದ ಎಲ್ಲರಿಗೂ ತಿಳಿದಿದೆ. 2000ದ ನಂತರ ಶಿಮೊದಾ, ತಕಾಮತ್ಸು, ಹತ್ತೊರಿ ಮೊದಲಾದವರು ಕ್ಯಾಲಿಫೋರ್ನಿಯಾದ ಇದೇ ಗ್ಯಾಲರಿಗಳಲ್ಲಿ ಪ್ರದರ್ಶಿಸತೊಡಗಿದ್ದರಿಂದ ಹೆಸರು ಜಪಾನಿನ ಕಲೆಗೂ ಅಂಟಿಕೊಂಡಿತು.

ಜಪಾನಿಗೆ ತನ್ನದೇ ಸರ್ರಿಯಲಿಸಂ ಇತ್ತು. ಹರುಎ ಕೊಗಾ 1929ರಲ್ಲಿ ಬರೆದ 'ಸಮುದ್ರ' ಚಿತ್ರ, ಸರ್ರಿಯಲಿಸಂನ ಫ್ರೆಂಚ್ ಪ್ರವರ್ತಕ ಆಂದ್ರೆ ಬ್ರೆತೊನ್‌ನ ಬರಹಗಳನ್ನು ಜಪಾನಿಗೆ ತಂದ ಕವಿ ಶುಝೊ ತಕಿಗುಚಿ ಇದರ ಮೈಲಿಗಲ್ಲುಗಳು. ತಕಿಗುಚಿ ಮತ್ತು ಚಿತ್ರಕಾರ ಇಚಿರೊ ಫುಕುಝಾವಾ ಇಬ್ಬರನ್ನೂ 1941ರಲ್ಲಿ ಪೊಲೀಸರು ಬಂಧಿಸಿದ ಮೇಲೆ ಆ ಚಳವಳಿ ಮಂಕಾಯಿತು. ಅದರಲ್ಲಿ ಮುದ್ದಿಗೆ ಜಾಗವಿರಲಿಲ್ಲ. ಇಂದಿನ ಚಿತ್ರಕಾರರನ್ನು ಅದರ ವಾರಸುದಾರರೆನ್ನುವುದು ಎಳೆದು ಜೋಡಿಸಿದಂತೆ. ನಡುವಿನ ಕೊಂಡಿಯಾಗಿ ಹೆಚ್ಚು ಒಪ್ಪುವವರು ಕೆಇಚಿ ತನಾಮಿ (1936–2024). ಟೋಕಿಯೊ ಮೇಲೆ ಬಾಂಬು ಬೀಳುತ್ತಿದ್ದಾಗ ಅವರಿನ್ನೂ ಚಿಕ್ಕ ಹುಡುಗ. ಅಜ್ಜ ಸಾಕಿದ್ದ ಬಂಗಾರದ ಮೀನುಗಳ ತೊಟ್ಟಿಯ ನೀರಿನಲ್ಲಿ ದಾಳಿಯ ಬೆಳಕು ಹೊಳೆದದ್ದು ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅವರ ಪೋಸ್ಟರುಗಳಲ್ಲೂ ಚಿತ್ರಗಳಲ್ಲೂ ಗೊಂಬೆಯಂಥ ಮೀನುಗಳು ವಿಮಾನಗಳ ಜೊತೆ ತಿರುತಿರುಗಿ ಬರುತ್ತವೆ.

ಮುದ್ದಿನ ವಂಶಾವಳಿ

ಚಿಕ್ಕದ್ದನ್ನು ಕಂಡು ಮನಸೋಲುವ ಅಭಿರುಚಿ ಜಪಾನಿನಲ್ಲಿ ಹಳೆಯದು. ಸಾವಿರ ವರ್ಷಗಳ ಹಿಂದೆ ರಾಣಿವಾಸದಲ್ಲಿದ್ದ ಸೇಯ್ ಶೊನಗೊನ್ ತನ್ನ 'ದಿಂಬಿನ ಪುಸ್ತಕ'ದಲ್ಲಿ ಮನಸ್ಸಿಗೆ ಮುದ್ದೆನಿಸುವ ವಸ್ತುಗಳ ಪಟ್ಟಿಯನ್ನೇ ಕೊಟ್ಟಿದ್ದಾಳೆ. ಹದಿನೆಂಟನೇ ಶತಮಾನದಲ್ಲಿ ಮರುಯಾಮಾ ಓಕ್ಯೊ ಮತ್ತು ಅವನ ಶಿಷ್ಯ ನಗಸಾವಾ ರೊಸೆತ್ಸು ಬರೆದ ನಾಯಿಮರಿಗಳು ಒಂದರ ಮೇಲೊಂದು ಉರುಳಿಬಿದ್ದಿರುತ್ತವೆ. ಅವುಗಳನ್ನು ಇಂದು ಟೀ ಶರ್ಟಿನ ಮೇಲೆ ಅಚ್ಚುಹಾಕಿದರೂ ಯಾರಿಗೂ ಹಳತೆನಿಸುವುದಿಲ್ಲ. ನಟರ ಮತ್ತು ವೇಶ್ಯೆಯರ ಚಿತ್ರಗಳನ್ನು ಸರ್ಕಾರ 1842ರಲ್ಲಿ ನಿಷೇಧಿಸಿದಾಗ ಉತಗಾವಾ ಕುನಿಯೋಶಿ ನಟರ ಮುಖಗಳನ್ನು ಬೆಕ್ಕು, ಮೀನುಗಳ ಮೇಲೆ ಕೂರಿಸಿದ. ಮುದ್ದು ಒಂದು ವೇಷವಾಗಿಯೂ ಕೆಲಸ ಮಾಡಬಲ್ಲದು ಎಂದು ಕಂಡುಕೊಂಡವರಲ್ಲಿ ಅವನೊಬ್ಬ. ಟೋಕಿಯೊದ ಫುಚು ಕಲಾ ಮ್ಯೂಸಿಯಂ 2013ರಲ್ಲಿ ಎದೊ ಕಾಲದ ಇಂಥ ಚಿತ್ರಗಳದ್ದೇ ಪ್ರದರ್ಶನ ಏರ್ಪಡಿಸಿತ್ತು.

ಆದರೆ ಇಂದಿನ ದೊಡ್ಡ ಕಣ್ಣಿಗೆ ತಾಯಿಬೇರು ಇಪ್ಪತ್ತನೇ ಶತಮಾನದ ಹುಡುಗಿಯರ ಪತ್ರಿಕೆಗಳು. ತಕೆಹಿಸಾ ಯುಮೆಜಿ (1884–1934) ಬರೆದ ಬಳಲಿದ, ಬಾಗಿದ ಹೆಂಗಸರು ಜನಪ್ರಿಯರಾದಾಗ ಅವನು 1914ರಲ್ಲಿ ಟೋಕಿಯೊದ ನಿಹೊನ್‌ಬಾಶಿಯಲ್ಲಿ ಮಿನಾತೊಯಾ ಎಂಬ ಅಂಗಡಿ ತೆರೆದು ತನ್ನ ಚಿತ್ರವಿರುವ ಕಾಗದ, ಲಕೋಟೆಗಳನ್ನು ಮಾರಿದ. ಚಿತ್ರಕಾರನೇ ಅಂಗಡಿ ಇಡುವ ಪರಿಪಾಠ ಮುರಕಾಮಿಯಿಂದ ಶುರುವಾದದ್ದಲ್ಲ. ಜುನ್‌ಇಚಿ ನಕಹಾರಾ (1913–1983) 'ಶೋಜೊ ನೊ ತೊಮೊ' ಪತ್ರಿಕೆಗೆ ಬರೆದ ಹುಡುಗಿಯರ ಕಣ್ಣು ಮುಖದ ಅಳತೆ ಮೀರಿ ಹಿಗ್ಗಿತು. ಯುದ್ಧಕಾಲದ ಸರ್ಕಾರಕ್ಕೆ ಆ ನವಿರು ಹಿಡಿಸಲಿಲ್ಲ. ಒತ್ತಡದಿಂದಾಗಿ 1940ರಲ್ಲಿ ಅವರ ಚಿತ್ರಗಳು ಪತ್ರಿಕೆಯಿಂದ ಮಾಯವಾದವು. ದೇಶ ಸೋತ ಮರುವರ್ಷವೇ ಅವರು ತಮ್ಮದೇ ಪತ್ರಿಕೆ ಆರಂಭಿಸಿದರು. ಮುಂದೆ ರೂನೆ ನೈತೊ, ಮಕೊತೊ ತಕಾಹಾಶಿ ಮತ್ತು ಹುಡುಗಿಯರ ಮಾಂಗಾ (ಜಪಾನಿ ಕಾಮಿಕ್ಸ್) ಬರೆದವರ ಕೈಯಲ್ಲಿ ಆ ಕಣ್ಣಿನೊಳಗೆ ನಕ್ಷತ್ರಗಳು ಬಂದು ಕೂತವು. ಹೇಳಲಾಗದ ಒಳಮನಸ್ಸನ್ನೆಲ್ಲ ಆ ಕಣ್ಣಿಗೆ ತುಂಬಲಾಗುತ್ತಿತ್ತು.

1970ರ ದಶಕದಲ್ಲಿ ಶಾಲಾ ಹುಡುಗಿಯರು ಅಕ್ಷರಗಳನ್ನು ಗುಂಡಗೆ ಉಬ್ಬಿಸಿ, ನಡುನಡುವೆ ಹೃದಯ, ನಕ್ಷತ್ರ ಸೇರಿಸಿ ಬರೆಯತೊಡಗಿದರು. ಓದಲಾಗುವುದಿಲ್ಲವೆಂದು ಹಲವು ಶಾಲೆಗಳು ಅದನ್ನು ನಿಷೇಧಿಸಿದವು. ಬ್ರಿಟಿಷ್ ಸಂಶೋಧಕಿ ಶರನ್ ಕಿನ್ಸೆಲ್ಲಾ 1995ರ ಪ್ರಬಂಧದಲ್ಲಿ ಈ ಬರಹವನ್ನು ದೊಡ್ಡವರಾಗಲು ಒಪ್ಪದ ಮೆದು ಬಂಡಾಯವೆಂದು ಓದಿದ್ದಾರೆ. ಸಾನ್ರಿಯೊ ಕಂಪನಿಯ ಹಲೋ ಕಿಟ್ಟಿ ಹುಟ್ಟಿದ್ದು 1974ರಲ್ಲಿ. ಅದಕ್ಕೆ ಬಾಯಿಲ್ಲ, ಕಣ್ಣೆಂದರೆ ಎರಡು ಕಪ್ಪು ಚುಕ್ಕಿ. ನೋಡುವವರ ಮನಸ್ಸಿನಲ್ಲಿ ಏನಿದೆಯೋ ಅದೇ ಅದರ ಮುಖಭಾವ. ಮುಂದೆ ಬಂದ ಚಿತ್ರಕಾರರು ಜಗಳ ತೆಗೆದದ್ದು ಈ ಮೂಕ ಒಪ್ಪಿಗೆಯ ಜೊತೆ. ಕವಾಯಿ ಎಂದು ಜಪಾನೀಯರು ಕರೆಯುವ ಈ ಭಾವ ಎಷ್ಟು ದೂರ ಹರಡಿತ್ತೆಂದರೆ, 1988ರಲ್ಲಿ ಚಕ್ರವರ್ತಿ ಹಿರೊಹಿತೊ ಮರಣಶಯ್ಯೆಯಲ್ಲಿದ್ದಾಗ ಅರಮನೆಯ ಮುಂದೆ ಸೇರಿದ ಹುಡುಗಿಯರು ಆತನನ್ನೂ ಹಾಗೆಂದೇ ಬಣ್ಣಿಸಿದ್ದನ್ನು ವಿಮರ್ಶಕ ಏಜಿ ಓತ್ಸುಕಾ ಗಮನಿಸಿ ಬರೆದರು. ಯುದ್ಧಕಾಲದಲ್ಲಿ ದೇವರೆನಿಸಿಕೊಂಡಿದ್ದ ವ್ಯಕ್ತಿ ಕೊನೆಗೆ ಒಬ್ಬ ಬಡಪಾಯಿ ಮುದುಕನಾಗಿ ಅವರ ಅಕ್ಕರೆಗೆ ಪಾತ್ರನಾಗಿದ್ದ.

ವಿಜ್ಞಾನಿಗಳೂ ಈ ಭಾವವನ್ನು ಬಿಟ್ಟಿಲ್ಲ. ದುಂಡು ಕೆನ್ನೆ, ದೊಡ್ಡ ಹಣೆ ಕಂಡರೆ ಆರೈಕೆಯ ಪ್ರವೃತ್ತಿ ಕೆರಳುತ್ತದೆಂದು ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್ 1943ರಲ್ಲಿ ವಾದಿಸಿದ; ಹಿರೊಶಿಮಾ ವಿಶ್ವವಿದ್ಯಾಲಯದ ಹಿರೊಶಿ ನಿತ್ತೊನೊ ತಂಡ 2012ರಲ್ಲಿ ಮರಿಪ್ರಾಣಿಗಳ ಚಿತ್ರ ನೋಡಿದವರು ಸೂಕ್ಷ್ಮ ಕೆಲಸಗಳನ್ನು ಹೆಚ್ಚು ಜಾಗರೂಕತೆಯಿಂದ ಮಾಡುತ್ತಾರೆಂದು ತೋರಿಸಿತು. ಕಲೆಗೆ ಇವೆರಡಕ್ಕಿಂತ ಹತ್ತಿರವಾದದ್ದು ಅಮೆರಿಕದ ವಿಮರ್ಶಕಿ ಸಿಯಾನ್ ನಗೈ ಅವರ ವಾದ. ಮುದ್ದಾದ ವಸ್ತು ಅಪ್ಪಿಕೊಳ್ಳುವ ಆಸೆಯ ಜೊತೆಗೇ ಹಿಸುಕುವ ಆಸೆಯನ್ನೂ ಎಬ್ಬಿಸುತ್ತದೆ ಎಂದು ಅವರು ಹೇಳುತ್ತಾರೆ. ನಾರಾ ಅವರ ಹುಡುಗಿಯ ಮುಖವಿರುವ ಬೂದಿಬಟ್ಟಲುಗಳು ಮಾರುಕಟ್ಟೆಗೆ ಬಂದಿದ್ದವು. ಸಿಗರೇಟು ಹೊಸಕಬೇಕಾದದ್ದು ಆ ಮುಖದ ಮೇಲೆ.

ನಾರಾ: ಓರೆಗಣ್ಣಿನ ಹುಡುಗಿ

ಯೋಶಿತೊಮೊ ನಾರಾ ಹುಟ್ಟಿದ್ದು 1959ರಲ್ಲಿ, ಉತ್ತರ ಜಪಾನಿನ ಅಓಮೊರಿ ಪ್ರಾಂತದ ಹಿರೊಸಾಕಿಯಲ್ಲಿ. ಹಿಮ ಹೆಚ್ಚು ಬೀಳುವ, ರಾಜಧಾನಿಯಿಂದ ದೂರದ ಊರು. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋಗುತ್ತಿದ್ದರು. ಅಣ್ಣಂದಿರು ವಯಸ್ಸಿನಲ್ಲಿ ಬಹಳ ದೊಡ್ಡವರು. ಶಾಲೆ ಬಿಟ್ಟು ಬಂದ ಹುಡುಗನಿಗೆ ಬೆಕ್ಕು, ಚಿತ್ರಪುಸ್ತಕ ಮತ್ತು ರೇಡಿಯೊ ಜೊತೆ. ಮಿಸಾವಾದಲ್ಲಿದ್ದ ಅಮೆರಿಕನ್ ವಾಯುನೆಲೆಯ ಬಾನುಲಿಯಲ್ಲಿ ಬರುತ್ತಿದ್ದ ಹಾಡುಗಳ ಭಾಷೆ ಅವನಿಗೆ ತಿಳಿಯುತ್ತಿರಲಿಲ್ಲ, ದನಿಯಷ್ಟೇ ತಿಳಿಯುತ್ತಿತ್ತು. ಮುಂದೆ ಕೊಂಡ ರೆಕಾರ್ಡುಗಳ ಹೊದಿಕೆ ಅವನ ಮೊದಲ ಕಲಾಶಾಲೆ. ಅಯಿಚಿಯಲ್ಲಿ ಸ್ನಾತಕೋತ್ತರ ಓದು ಮುಗಿಸಿ 1988ರಲ್ಲಿ ಜರ್ಮನಿಯ ಡುಸೆಲ್‌ಡಾರ್ಫ್ ಕಲಾ ಅಕಾಡೆಮಿ ಸೇರಿದ ನಾರಾ ಅಲ್ಲಿ ಎ.ಆರ್. ಪೆಂಕ್ ಬಳಿ ಕಲಿತು, ನಂತರ ಕಲೋನ್‌ನಲ್ಲಿ ನೆಲೆಸಿ, 2000ದಲ್ಲಿ ಜಪಾನಿಗೆ ಮರಳಿದರು. ಭಾಷೆ ಬಾರದ ದೇಶದ ಒಂಟಿತನ ಬಾಲ್ಯದ ಒಂಟಿತನವನ್ನು ಮತ್ತೆ ಎದುರಿಗೆ ತಂದಿತೆಂದು ಅವರೇ ಹೇಳಿಕೊಂಡಿದ್ದಾರೆ. ಅವರ ಪ್ರಸಿದ್ಧ ಹುಡುಗಿ ರೂಪುಗೊಂಡದ್ದು ಜರ್ಮನಿಯಲ್ಲಿ ಎಂಬುದನ್ನು ಜಪಾನಿ ಮಾಂಗಾದ ಪ್ರಭಾವವನ್ನಷ್ಟೇ ಹೇಳುವವರು ಮರೆಯುತ್ತಾರೆ.

1991ರ 'ಕೈಯಲ್ಲಿ ಚಾಕು ಹಿಡಿದ ಹುಡುಗಿ' ಈ ಸಾಲಿನ ಆರಂಭದ ಕೃತಿ. ಖಾಲಿ ಹಿನ್ನೆಲೆ, ದಪ್ಪ ರೇಖೆ, ಕೆಂಪು ಉಡುಗೆ, ಮೇಲಕ್ಕೆತ್ತಿದ ಮುಖ. ನೋಡುವವನು ಎತ್ತರದಲ್ಲಿ ನಿಂತಿದ್ದಾನೆ, ಹುಡುಗಿ ಕೆಳಗಿನಿಂದ ಅವನನ್ನು ದಿಟ್ಟಿಸುತ್ತಿದ್ದಾಳೆ. ಇಬ್ಬರ ನಡುವಿನ ಎತ್ತರದ ಅಂತರ ಚಿತ್ರದ ಚೌಕಟ್ಟಿನ ಆಚೆಗೂ ಚಾಚುತ್ತದೆ. ನಮ್ಮನ್ನು ಯಾವ ಸ್ಥಾನದಲ್ಲಿ ನಿಲ್ಲಿಸಲಾಗಿದೆ ಎಂಬುದು ತುಸು ತಡವಾಗಿ ಹೊಳೆಯುತ್ತದೆ. ಚಾಕುವಿನ ಬಗ್ಗೆ ಕೇಳಿದವರಿಗೆ ನಾರಾ ಕೊಟ್ಟ ವಿವರಣೆ ಹೆಚ್ಚು ಕಡಿಮೆ ಹೀಗಿದೆ: ಅವು ಆಟಿಕೆಯಷ್ಟು ಚಿಕ್ಕವು, ಅವುಗಳಿಂದ ಹೋರಾಡಲಾಗದು, ಆ ಮಕ್ಕಳ ಸುತ್ತ ಇನ್ನೂ ದೊಡ್ಡ ಚಾಕು ಹಿಡಿದ ದೊಡ್ಡವರಿದ್ದಾರೆ. ಈ ಮಾತನ್ನು ಒಪ್ಪಿದರೆ, ಹುಡುಗಿಯನ್ನು ದುಷ್ಟಮಗು ಎಂದು ಓದುವ ಜನಪ್ರಿಯ ವ್ಯಾಖ್ಯಾನ ಬಿದ್ದುಹೋಗುತ್ತದೆ. ದೊಡ್ಡ ಚಾಕು ಹಿಡಿದವರು ಕ್ಯಾನ್ವಾಸಿನ ಹೊರಗೆ, ನಾವು ನಿಂತ ಕಡೆಯೇ ಇದ್ದಾರೆ.

2000ದ 'ಬೆನ್ನ ಹಿಂದೆ ಚಾಕು' ಇನ್ನೂ ಸೂಕ್ಷ್ಮ. ಎರಡು ಮೀಟರಿಗೂ ಎತ್ತರದ ಈ ಕ್ಯಾನ್ವಾಸಿನಲ್ಲಿ ಚಾಕು ಕಾಣುವುದೇ ಇಲ್ಲ; ಒಂದು ತೋಳು ಬೆನ್ನ ಹಿಂದಕ್ಕೆ ಹೋಗಿದೆ, ಉಳಿದದ್ದನ್ನು ಶೀರ್ಷಿಕೆ ಹೇಳುತ್ತದೆ. ಅದನ್ನು ಅಳಿಸಿಬಿಟ್ಟರೆ ಉಳಿಯುವುದು ಸಿಡುಕಿನ ಒಬ್ಬ ಹುಡುಗಿ ಮಾತ್ರ. ಇದಕ್ಕೂ ಮೊದಲಿನ 1995ರ 'ಆಳದ ಕೊಚ್ಚೆಗುಂಡಿಯಲ್ಲಿ' ಸರಣಿಯಲ್ಲಿ ತಲೆಗೆ ಬ್ಯಾಂಡೇಜು ಸುತ್ತಿದ ಮಗು ನೀರಿನಲ್ಲಿ ನಿಂತಿದೆ. ಗಾಯ ಮಾಡಿದವರು ಯಾರೆಂದು ಚಿತ್ರ ಹೇಳುವುದಿಲ್ಲ, ಮಗುವಿನ ನೋಟ ಮಾತ್ರ ಅದನ್ನು ಮರೆತಿಲ್ಲ. ಈ ಹುಡುಗಿಯರೆಲ್ಲ ಒಂದು ರೀತಿಯಲ್ಲಿ ತನ್ನದೇ ಸ್ವಚಿತ್ರಗಳೆಂದು ನಾರಾ ಹೇಳಿದ್ದಾರೆ.

2000ದ ದಶಕ ಮುಂದುವರಿದಂತೆ ಆ ಓರೆಗಣ್ಣು ಬದಲಾಯಿತು. ಕಪ್ಪು ರೇಖೆ ಕರಗಿತು. ಒಂದರ ಮೇಲೊಂದು ತೆಳುಬಣ್ಣ ಹಚ್ಚಿ, ಒರೆಸಿ, ಮತ್ತೆ ಹಚ್ಚಿದ ಮೈಯಿಂದ ಮುಖ ಮೆಲ್ಲಗೆ ಮೇಲೆದ್ದು ಬರುತ್ತದೆ. ಕಣ್ಣಿನ ಒಳಗೆ ಹಸಿರು, ಕಿತ್ತಳೆ, ನೇರಳೆ ತುಣುಕುಗಳು ಮಿನುಗುತ್ತವೆ. 2017ರ 'ಮಿಡ್‌ನೈಟ್ ಟ್ರೂತ್' ಈ ಹಂತದ ಒಳ್ಳೆಯ ಉದಾಹರಣೆ. ಹಳೆಯ ಕೋಪ ಹೋಯಿತಲ್ಲ ಎಂದು ಬೇಸರಪಡುವ ಅಭಿಮಾನಿಗಳಿದ್ದಾರೆ. ಬಣ್ಣಗಾರನಾಗಿ ನಾರಾ ಎಷ್ಟು ಬೆಳೆದರೆಂಬುದು ಗೊತ್ತಾಗಬೇಕಾದರೆ ಮಾತ್ರ ಈ ಹಂತದ ಚಿತ್ರಗಳ ಮುಂದೆಯೇ ನಿಲ್ಲಬೇಕು, ಅದೂ ಮುದ್ರಿತ ಪ್ರತಿಯಲ್ಲಲ್ಲ.

ಮುರಕಾಮಿ ಮತ್ತು ಸೂಪರ್‌ಫ್ಲಾಟ್

ತಕಾಶಿ ಮುರಕಾಮಿ (ಜನನ 1962) ನಾರಾಗೆ ತದ್ವಿರುದ್ಧ ಸ್ವಭಾವದ ಕಲಾವಿದ. ಖನಿಜದ ಬಣ್ಣ ಮತ್ತು ಅಂಟು ಬಳಸುವ ಸಾಂಪ್ರದಾಯಿಕ ನಿಹೊಂಗಾ ಶೈಲಿಯಲ್ಲಿ ಟೋಕಿಯೊ ಕಲಾ ವಿಶ್ವವಿದ್ಯಾಲಯದಿಂದ 1993ರಲ್ಲಿ ಡಾಕ್ಟರೇಟ್ ಪಡೆದವರು. ಆ ಹೊತ್ತಿಗೇ ಅವರ ಮಿಸ್ಟರ್ ಡಾಬ್ ಎಂಬ ಗುಂಡುಕಿವಿಯ ಪಾತ್ರ ಹುಟ್ಟಿತು. ಮೊದಲಿಗೆ ನಗುವ ಗೊಂಬೆಯಾಗಿದ್ದ ಡಾಬ್‌ಗೆ ಬರಬರುತ್ತಾ ಕೋರೆಹಲ್ಲು ಬಂತು, ಕಣ್ಣುಗಳ ಸಂಖ್ಯೆ ಹೆಚ್ಚಿತು. 1996ರ '727'ರಲ್ಲಿ ಅದು ಹಳೆಯ ಜಪಾನಿ ತೆರೆಚಿತ್ರಗಳಂಥ ಹಿನ್ನೆಲೆಯ ಮುಂದೆ ಅಲೆಯ ಮೇಲೆ ಹಾಯುತ್ತದೆ. 2002ರ 'ತಾನ್ ತಾನ್ ಬೊ ಪ್ಯೂಕಿಂಗ್'ನಲ್ಲಿ ದೈತ್ಯನಾಗಿ ಬಣ್ಣಬಣ್ಣದ ವಾಂತಿ ಮಾಡಿಕೊಳ್ಳುತ್ತದೆ.

2000ದಲ್ಲಿ ಮುರಕಾಮಿ 'ಸೂಪರ್‌ಫ್ಲಾಟ್' ಪ್ರದರ್ಶನ ಕಟ್ಟಿದರು. ಮರುವರ್ಷ ಅದು ಲಾಸ್ ಏಂಜಲೀಸ್ ತಲುಪಿತು. ಎದೊ ಕಾಲದ ಚಿತ್ರಗಳ ಚಪ್ಪಟೆತನ, ಅನಿಮೆಯ ಚಪ್ಪಟೆತನ, ಉಚ್ಚ ಕಲೆ ಮತ್ತು ಅಂಗಡಿ ಸರಕಿನ ನಡುವೆ ಅಂತರವಿಲ್ಲದ ಸಮಾಜದ ಚಪ್ಪಟೆತನ ಎಲ್ಲವೂ ಒಂದೇ ಎಂಬುದು ಅದರ ವಾದ. ಅಸಹಾಯಕತೆಯ ರಾಜಕೀಯ ಬಂದದ್ದು 2005ರಲ್ಲಿ ನ್ಯೂಯಾರ್ಕಿನ ಜಪಾನ್ ಸೊಸೈಟಿಯಲ್ಲಿ ನಡೆಸಿದ ಪ್ರದರ್ಶನದಲ್ಲಿ. ಅದಕ್ಕೆ ಅವರಿಟ್ಟ ಹೆಸರು 'ಲಿಟ್ಲ್ ಬಾಯ್', ಹಿರೊಶಿಮಾ ಮೇಲೆ ಬಿದ್ದ ಅಣುಬಾಂಬಿನ ಹೆಸರು. ಸೋತ ಜಪಾನು ಅಮೆರಿಕದ ಆಶ್ರಯದಲ್ಲಿ ಎಂದೂ ಬೆಳೆಯದ ಮಗುವಾಗಿ ಉಳಿಯಿತು, ಅದರ ಮುದ್ದುಗೊಂಬೆಗಳೆಲ್ಲ ಆ ಗಾಯದ ಫಲ ಎಂದು ಅವರು ಮಂಡಿಸಿದರು. ಯುದ್ಧಾನಂತರ ಜಪಾನಿನ ಆಡಳಿತ ನಡೆಸಿದ್ದ ಅಮೆರಿಕದ ಜನರಲ್ ಮೆಕಾರ್ಥರ್ 1951ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಜಪಾನೀಯರನ್ನು ಹನ್ನೆರಡು ವರ್ಷದ ಹುಡುಗನಿಗೆ ಹೋಲಿಸಿದ್ದು ಇದಕ್ಕೆ ಹಿನ್ನೆಲೆ. ಮುರಕಾಮಿಯ ತಾಯಿ ಕೊಕುರಾದವರು. ಎರಡನೇ ಬಾಂಬಿನ ಗುರಿ ಆ ಊರೇ ಆಗಿತ್ತು; ಗುರಿ ಕಾಣದಂತೆ ಆಕಾಶ ಮಸುಕಾಗಿದ್ದರಿಂದ ವಿಮಾನ ನಾಗಸಾಕಿಗೆ ತಿರುಗಿತು. ಆ ಮಸುಕಿಲ್ಲದಿದ್ದರೆ ನೀನು ಹುಟ್ಟುತ್ತಿರಲಿಲ್ಲ ಎಂದು ಕೇಳುತ್ತಾ ಅವರು ಬೆಳೆದರು.

ವಾದ ಆಕರ್ಷಕ, ಆದರೆ ಅದರಲ್ಲೊಂದು ಅನುಕೂಲಸಿಂಧುತನವಿದೆ. ಜಪಾನನ್ನು ಪೆಟ್ಟು ತಿಂದ ಮಗುವಾಗಿ ಚಿತ್ರಿಸಿದ ಕೂಡಲೇ ಕೊರಿಯಾ, ಚೀನಾ, ಆಗ್ನೇಯ ಏಷ್ಯಾಗಳಲ್ಲಿ ಅದೇ ಜಪಾನು ಕೊಟ್ಟ ಪೆಟ್ಟುಗಳು ಕಣ್ಮರೆಯಾಗುತ್ತವೆ. ಈ ಟೀಕೆಗೆ ಮುರಕಾಮಿಯ ಚಿತ್ರಗಳಲ್ಲಿ ತೃಪ್ತಿಕರ ಉತ್ತರ ಸಿಗುವುದಿಲ್ಲ. ಅವರ ನಗುವ ಹೂಗಳು ನೂರಾರು ಸೇರಿ ಗೋಡೆ ತುಂಬಿದಾಗ ಒಂದು ಬಗೆಯ ಉಸಿರುಗಟ್ಟುವಿಕೆ ಉಂಟಾಗುತ್ತದೆ, ಅದು ನಿಜ. ಒಂದೊಂದು ಹೂವಿನ ಕಣ್ಣಿಗೂ ಯಾರ ಮೇಲೂ ದೃಷ್ಟಿಯಿಲ್ಲ.

ಹುಡುಗಿಯರನ್ನು ಬರೆದವರು

ಹುಡುಗಿಯ ದೇಹವನ್ನು ಯಾರು, ಯಾರಿಗಾಗಿ ಬರೆಯುತ್ತಿದ್ದಾರೆ ಎಂಬ ಪ್ರಶ್ನೆ ಈ ಕಲೆಯ ಬೆನ್ನು ಬಿಟ್ಟಿಲ್ಲ. ಮಕೊಟೊ ಐದಾ (ಜನನ 1965) ಅದನ್ನು ಬೇಕೆಂದೇ ಕೆದಕಿದವರು. 1991ರ 'ಬದು' ಚಿತ್ರದಲ್ಲಿ ಶಾಲಾ ಹುಡುಗಿಯ ಬೈತಲೆ ಗದ್ದೆಯ ಬದುವಾಗಿ ಮುಂದುವರಿಯುತ್ತದೆ. ಕಾಯಿ ಹಿಗಶಿಯಾಮಾ 1950ರಲ್ಲಿ ಬರೆದ, ಇಡೀ ದೇಶ ಮೆಚ್ಚಿದ 'ದಾರಿ' ಚಿತ್ರದ ಅಣಕ ಅದು. ಆದರೆ ಅವರ 'ನಾಯಿ' ಸರಣಿ ಕೈಕಾಲು ಕತ್ತರಿಸಿದ ಹುಡುಗಿಯರನ್ನು ನಿಹೊಂಗಾದ ನಯದಲ್ಲಿ ತೋರಿಸುತ್ತದೆ. ಟೋಕಿಯೊದ ಮೊರಿ ಮ್ಯೂಸಿಯಂನಲ್ಲಿ 2012–13ರಲ್ಲಿ ಅವರ ಪ್ರದರ್ಶನ ನಡೆದಾಗ ಮಹಿಳಾ ಹಕ್ಕುಗಳ ಪರ ಸಂಘಟನೆಯೊಂದು ಆ ಸರಣಿಯನ್ನು ತೆಗೆಯುವಂತೆ ಒತ್ತಾಯಿಸಿತು. ಮ್ಯೂಸಿಯಂ ಅದನ್ನು ವಯಸ್ಕರಿಗೆ ಮೀಸಲಾದ ಕೋಣೆಯಲ್ಲಿ ಉಳಿಸಿಕೊಂಡಿತು. ಗಂಡಸಿನ ಕಾಮದ ಕ್ರೌರ್ಯವನ್ನು ಬಯಲಿಗೆಳೆಯುವ ವಿಡಂಬನೆಯೆಂದು ಸಮರ್ಥಿಸುವವರಿದ್ದಾರೆ. ಆ ಹುಡುಗಿಯರ ಮುಖದಲ್ಲಿ ಹಲೋ ಕಿಟ್ಟಿಯ ಮೂಕ ಒಪ್ಪಿಗೆಯೇ ಇರುವುದರಿಂದ ಸಮರ್ಥನೆ ಗಟ್ಟಿಯಾಗಿ ನಿಲ್ಲುವುದಿಲ್ಲ.

ಆಯಾ ತಕಾನೊ (ಜನನ 1976) ಅದೇ ವಯಸ್ಸಿನ ಹುಡುಗಿಯರನ್ನು ಬರೆದರೂ ಲೋಕ ಬೇರೆ. ಸೈತಾಮಾದಲ್ಲಿ ಹುಟ್ಟಿ, ಅಪ್ಪನ ವಿಜ್ಞಾನ ಕಾದಂಬರಿಗಳನ್ನೂ ಮಾಂಗಾಕಾರ ತೆಝುಕಾನ ಕೃತಿಗಳನ್ನೂ ಓದುತ್ತಾ ಬೆಳೆದು, ತಾಮಾ ಕಲಾ ವಿಶ್ವವಿದ್ಯಾಲಯದಲ್ಲಿ ಕಲಿತು ಮುರಕಾಮಿಯ ಸ್ಟುಡಿಯೊಗೆ ಸೇರಿದವರು. ಅವರ ಹುಡುಗಿಯರು ಕಡ್ಡಿಯಂತೆ ಸಣಕಲು; ಮೊಣಕೈ, ಮೊಣಕಾಲು, ಬೆರಳ ಗಂಟುಗಳಲ್ಲಿ ಕೆಂಪು, ಚಳಿಗೆ ಅಥವಾ ಉಜ್ಜಿದ್ದಕ್ಕೆ ಬಂದಂತೆ. ಬೆಳೆಯುತ್ತಿರುವ ದೇಹದ ನೋವು ಆ ಕೆಂಪಿನಲ್ಲಿದೆ. ಬಟ್ಟೆಯಿಲ್ಲದೆ ನಗರದ ಮೇಲೆ, ಚಂದ್ರನ ಮೇಲೆ ತೇಲುವಾಗಲೂ ಅವರು ಯಾರಿಗೂ ತೋರಿಸಿಕೊಳ್ಳುತ್ತಿಲ್ಲ, ತಮ್ಮ ಪಾಡಿಗೆ ತಾವಿದ್ದಾರೆ. ಚಿಹೊ ಆಓಶಿಮಾ (ಜನನ 1974) ಅರ್ಥಶಾಸ್ತ್ರ ಓದಿ, ಕಂಪ್ಯೂಟರಿನಲ್ಲಿ ಚಿತ್ರ ಬರೆಯಲು ಕಲಿತವರು. ಅವರಲ್ಲಿ ಕಟ್ಟಡಗಳಿಗೇ ಹುಡುಗಿಯ ಮುಖ, ಸ್ಮಶಾನದಲ್ಲಿ ಮುದ್ದಾದ ಹೆಣಗಳು. 2006ರಲ್ಲಿ ಲಂಡನ್ನಿನ ಗ್ಲಾಸ್ಟರ್ ರೋಡ್ ಸುರಂಗ ನಿಲ್ದಾಣದ ಕಮಾನುಗಳನ್ನು ಅವರ ನಗರ ತುಂಬಿತ್ತು. ಜುಂಕೊ ಮಿಝುನೊ (ಜನನ 1973) ಕಾಮಿಕ್ಸ್‌ನಿಂದ ಬಂದು ಅಮೆರಿಕದಲ್ಲಿ ನೆಲೆಸಿದರು. ಅವರ ಗೊಂಬೆಮುಖದ ಹೆಂಗಸರು ರಕ್ತ ಸುರಿಯುತ್ತಿದ್ದರೂ ಅಂಜುವವರಲ್ಲ. ಈ ಮೂವರಲ್ಲಿ ಮಿಝುನೊ ಒಬ್ಬರೇ ಅಸಹಾಯಕತೆಯನ್ನು ನಗೆಯಾಗಿಸಬಲ್ಲವರು.

ಇವರ ಪಕ್ಕದಲ್ಲಿ ಮುದ್ದೇ ಇಲ್ಲದ ಒಬ್ಬನನ್ನು ಇಟ್ಟು ನೋಡಬೇಕು. ಯಾಇಝು ಊರಿನ ತೆತ್ಸುಯಾ ಇಶಿದಾ (1973–2005) ಬರೆದದ್ದು ಟೈ ಕಟ್ಟಿದ ಗುಮಾಸ್ತರನ್ನು ಮತ್ತು ಶಾಲಾ ಹುಡುಗರನ್ನು. ಒಂದು ಚಿತ್ರದಲ್ಲಿ ಪೆಟ್ರೋಲ್ ತುಂಬುವ ಕೊಳವೆಯಿಂದ ಅವರಿಗೆ ಊಟ ತುಂಬಲಾಗುತ್ತದೆ, ಇನ್ನೊಂದರಲ್ಲಿ ತರಗತಿಯ ಹುಡುಗರು ಸೂಕ್ಷ್ಮದರ್ಶಕಗಳಾಗುತ್ತಿದ್ದಾರೆ. ಜಪಾನಿನ ಆರ್ಥಿಕ ಗುಳ್ಳೆ ಒಡೆದ ಮೇಲೆ ಕೆಲಸವಿಲ್ಲದೆ ಉಳಿದ ಪೀಳಿಗೆಯ ಚಿತ್ರಕಾರ ಅವನು. ಎಲ್ಲರಿಗೂ ಒಂದೇ ಮುಖ, ಎಲ್ಲರ ಕಣ್ಣೂ ತೇವ ಮತ್ತು ಶೂನ್ಯ. ರೈಲ್ವೆ ಗೇಟಿನ ಬಳಿ ರೈಲಿಗೆ ಸಿಕ್ಕಿ ಅವನು ಸತ್ತಾಗ ವಯಸ್ಸು 31. ನಾರಾನ ಹುಡುಗಿಗೆ ಸಿಡುಕಲು ಬರುತ್ತದೆ, ಇಶಿದಾನ ಗುಮಾಸ್ತನಿಗೆ ಅದೂ ಬರುವುದಿಲ್ಲ. ಮುದ್ದು ಆ ಜೀವಗಳಿಗೆ ಒಂದಿಷ್ಟು ರಕ್ಷಣೆಯನ್ನೂ ಕೊಡುತ್ತದೆ ಎಂಬುದು ಈ ಹೋಲಿಕೆಯಲ್ಲಿ ತಿಳಿಯುತ್ತದೆ.

2011ರ ಆಚೆಗೆ

2011ರ ಮಾರ್ಚ್ 11ರಂದು ಈಶಾನ್ಯ ಜಪಾನಿನಲ್ಲಿ ಭೂಕಂಪ, ಸುನಾಮಿ, ಬೆನ್ನಿಗೇ ಫುಕುಶಿಮಾ ಅಣುಸ್ಥಾವರದ ದುರಂತ. ಒಂದು ವಾರದ ನಂತರ, 18ರಂದು, ನ್ಯೂಯಾರ್ಕಿನ ಜಪಾನ್ ಸೊಸೈಟಿಯಲ್ಲಿ ಡೇವಿಡ್ ಎಲಿಯಟ್ ಸಂಯೋಜಿಸಿದ್ದ 'ಬೈ ಬೈ ಕಿಟ್ಟಿ!!!' ಪ್ರದರ್ಶನ ಶುರುವಾಯಿತು. ಕವಾಯಿಯಾಚೆಯ ಜಪಾನಿ ಕಲೆಯನ್ನು ತೋರಿಸುವುದು ಅದರ ಉದ್ದೇಶವಾಗಿತ್ತು. ದುರಂತದ ಸುದ್ದಿಯ ನಡುವೆ ಅದನ್ನು ನೋಡಲು ಬಂದವರಿಗೆ ಶೀರ್ಷಿಕೆಯೇ ಬೇರೆಯಾಗಿ ಕೇಳಿಸಿತು.

ದುರಂತದ ನಂತರ ಕೆಲಕಾಲ ನಾರಾಗೆ ಕುಂಚ ಹಿಡಿಯಲಾಗಲಿಲ್ಲ. ಅಯಿಚಿಯಲ್ಲಿ ತಾವು ಓದಿದ ಕಾಲೇಜಿಗೆ ಹೋಗಿ, ವಿದ್ಯಾರ್ಥಿಗಳ ನಡುವೆ ಜೇಡಿಮಣ್ಣಿನ ದೊಡ್ಡ ತಲೆಗಳನ್ನು ಮೈಬಲ ಹಾಕಿ ಒತ್ತಿ, ಬಡಿದು ಮಾಡಿದರು. ಅವು ಕಂಚಿನಲ್ಲಿ ಎರಕವಾದಾಗ ಬೆರಳ ಗುರುತುಗಳು ಹಾಗೇ ಉಳಿದವು. ಮತ್ತೆ ಬರೆದ ಮೊದಲ ದೊಡ್ಡ ಚಿತ್ರಗಳಲ್ಲಿ 2012ರ 'ಮಿಸ್ ಸ್ಪ್ರಿಂಗ್' ಒಂದು: ನೇರ ಮುಖ, ನೀರು ತುಂಬಿದ ಕಣ್ಣು. 1998ರಲ್ಲೇ ಅವರು ಬರೆದಿದ್ದ, 'ನೋ ನ್ಯೂಕ್ಸ್' ಫಲಕ ಹಿಡಿದ ಹುಡುಗಿಯ ಚಿತ್ರವನ್ನು 2012ರ ಅಣುವಿರೋಧಿ ಮೆರವಣಿಗೆಗಳಲ್ಲಿ ಜನ ಎತ್ತಿ ಹಿಡಿದರು. ಬಳಸಿಕೊಳ್ಳಲು ನಾರಾ ಒಪ್ಪಿಗೆ ಕೊಟ್ಟಿದ್ದರು. ತಕಾನೊ ಅಕ್ರಿಲಿಕ್ ಬಿಟ್ಟು ಎಣ್ಣೆಬಣ್ಣಕ್ಕೆ ಹೊರಳಿದರು. ಅವರ ಒಂಟಿ ಹುಡುಗಿಯರ ಸುತ್ತ ಪ್ರಾಣಿ, ಮೀನು, ಗಿಡಮರಗಳು ನೆರೆಯತೊಡಗಿದವು. ಮುರಕಾಮಿ 2012ರಲ್ಲಿ ನೂರು ಮೀಟರ್ ಉದ್ದದ '500 ಅರ್ಹಂತರು' ಮುಗಿಸಿದರು. ಮುದ್ದುಮುಖಗಳ ಜಾಗಕ್ಕೆ ಮುಪ್ಪಿನ, ಸುಕ್ಕುಗಟ್ಟಿದ ಸನ್ಯಾಸಿಗಳು ಬಂದರು.

ಹಿಕಾರಿ ಶಿಮೊದಾ (ಜನನ 1984, ನಗಾನೊ) ಈ ದುರಂತದ ನೆರಳಿನಲ್ಲೇ ಪ್ರಸಿದ್ಧಿಗೆ ಬಂದವರು. ಸೂಪರ್‌ಹೀರೊ ಉಡುಪಿನ, ಕೊಂಬು ಮೂಡಿದ, ಮೈಮೇಲೆ ಗಾಯದ ಗುರುತಿರುವ ಮಕ್ಕಳು ನೇರವಾಗಿ ನಮ್ಮೆದುರು ನಿಲ್ಲುತ್ತಾರೆ. ಹುಡುಗನೋ ಹುಡುಗಿಯೋ ಹೇಳಲಾಗದು. ಹಳೆಯ ಹುಡುಗಿಯರ ಪತ್ರಿಕೆಗಳ ನಕ್ಷತ್ರಗಣ್ಣು ಇಲ್ಲಿ ಪಾಪೆಯನ್ನು ಪೂರ್ತಿ ನುಂಗಿದೆ. ಕಣ್ಣಲ್ಲಿ ಇಡೀ ಬ್ರಹ್ಮಾಂಡ ಹೊಳೆಯುತ್ತಿದೆ, ಆದರೆ ಆ ಮಗುವಿಗೆ ನಾವು ಕಾಣುತ್ತಿದ್ದೇವೆಯೇ ಎಂಬುದು ಗೊತ್ತಾಗುವುದಿಲ್ಲ. ಲೋಕವನ್ನು ಉಳಿಸಬೇಕಾದ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿ ಕೂತವರಿಗೆ ಈ ಚಿತ್ರಗಳು ಕಸಿವಿಸಿ ತರಬೇಕು, ತರುತ್ತವೆ ಕೂಡ. ಕೆಲವೊಮ್ಮೆ ಬಣ್ಣದ ಹೊಳಪು ಅತಿಯಾಗಿ ಆ ಕಸಿವಿಸಿಯನ್ನು ಶಮನಗೊಳಿಸಿಬಿಡುತ್ತದೆ ಎಂಬುದನ್ನೂ ಹೇಳಬೇಕು.

ಸೆಂದೈಯಲ್ಲಿ ಹುಟ್ಟಿದ ಕಝುಕಿ ತಕಾಮತ್ಸು (ಜನನ 1978) ಬಣ್ಣವನ್ನೇ ಬಿಟ್ಟವರು. ಮೊದಲು ಕಂಪ್ಯೂಟರಿನಲ್ಲಿ ಆಕೃತಿಯ ಪ್ರತಿಯೊಂದು ಬಿಂದುವಿನ ದೂರವನ್ನು ಲೆಕ್ಕಹಾಕಿ, ಹತ್ತಿರದ್ದು ಬಿಳಿ, ದೂರದ್ದು ಕಪ್ಪು, ನಡುವಿನದೆಲ್ಲ ಬೂದು ಎಂದು ನಕ್ಷೆ ತಯಾರಿಸುತ್ತಾರೆ. ಆಮೇಲೆ ಅದನ್ನು ಗ್ವಾಶ್ ಮತ್ತು ಅಕ್ರಿಲಿಕ್‌ನಲ್ಲಿ ಕೈಯಿಂದಲೇ ಪದರ ಪದರವಾಗಿ ಬರೆಯುತ್ತಾರೆ. ಇಲ್ಲಿ ಬೆಳಕು ಯಾವ ಕಡೆಯಿಂದಲೂ ಬೀಳುವುದಿಲ್ಲ, ಆದ್ದರಿಂದ ನೆರಳೂ ಇಲ್ಲ. ಆಯುಧ ಹಿಡಿದ, ಲೇಸಿನ ಉಡುಗೆ ತೊಟ್ಟ ಹುಡುಗಿಯರು ಎಕ್ಸ್‌ರೇಯಲ್ಲಿ ಕಂಡಂತೆ ಕತ್ತಲಿನಿಂದ ಹೊರಬರುತ್ತಾರೆ. ಕಣ್ಣಿಗೂ ಬಟ್ಟೆಗೂ ಒಂದೇ ಬೂದು. ಬದುಕಿದ್ದಾರೋ ಸತ್ತಿದ್ದಾರೋ ಹೇಳಲು ಬಣ್ಣದ ಆಧಾರವಿಲ್ಲ.

ನಾಓತೊ ಹತ್ತೊರಿ (ಜನನ 1975, ಯೊಕೊಹಾಮಾ) ಇವರೆಲ್ಲರಿಗಿಂತ ಹಗುರ. ನ್ಯೂಯಾರ್ಕಿನಲ್ಲಿ ಇಲಸ್ಟ್ರೇಶನ್ ಕಲಿತ ಇವರು ಅಂಗೈಯಗಲದ ಹಲಗೆಗಳ ಮೇಲೆ ಬೆಕ್ಕು, ಗೂಬೆ, ಅಣಬೆಗಳನ್ನು ಬೆರೆಸಿದ ರೋಮಮಯ ಜೀವಿಗಳನ್ನು ಕೂದಲು ಕೂದಲಾಗಿ ಬರೆಯುತ್ತಾರೆ. ಕೈಚಳಕ ಬೆರಗು ಹುಟ್ಟಿಸುತ್ತದೆ. ಮುದ್ದು ಮಾತ್ರ ಎದುರು ಮಾತಾಡುವುದಿಲ್ಲ.

ಮಾರುಕಟ್ಟೆ ಮತ್ತು ಸಂಗ್ರಹಗಳು

ಈ ಅಸಹಾಯಕ ಜೀವಗಳ ಬೆಲೆ ಸಣ್ಣದಲ್ಲ. ಮುರಕಾಮಿಯ 1998ರ ಶಿಲ್ಪ 'ಮೈ ಲೋನ್‌ಸಮ್ ಕೌಬಾಯ್' 2008ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ 1.5 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ನಾರಾನ 'ಬೆನ್ನ ಹಿಂದೆ ಚಾಕು' 2019ರ ಅಕ್ಟೋಬರಿನಲ್ಲಿ ಹಾಂಗ್‌ಕಾಂಗ್‌ನಲ್ಲಿ 19.57 ಕೋಟಿ ಹಾಂಗ್‌ಕಾಂಗ್ ಡಾಲರಿಗೆ, ಅಂದರೆ ಸುಮಾರು 2.5 ಕೋಟಿ ಅಮೆರಿಕನ್ ಡಾಲರಿಗೆ ಮಾರಾಟವಾಯಿತು. 2003ರಿಂದ ಮುರಕಾಮಿಯ ಬಣ್ಣಗಳು ಲೂಯಿ ವಿಟಾನ್ ಚೀಲಗಳ ಮೇಲೆ ಬಂದವು. 2007ರ ಅವರ ಲಾಸ್ ಏಂಜಲೀಸ್ ಪ್ರದರ್ಶನದೊಳಗೆ ಆ ಚೀಲಗಳ ಅಂಗಡಿಯನ್ನೇ ಇಡಲಾಗಿತ್ತು. 2009ರಲ್ಲಿ ಜಪಾನಿನ ವಿದೇಶಾಂಗ ಸಚಿವಾಲಯ ಮೂವರು ಯುವತಿಯರನ್ನು ಕವಾಯಿ ರಾಯಭಾರಿಗಳನ್ನಾಗಿ ನೇಮಿಸಿತು. ಬಂಡಾಯವೆಂದು ಶಾಲೆಗಳು ನಿಷೇಧಿಸಿದ್ದ ಅಭಿರುಚಿ ಮೂರು ದಶಕಗಳಲ್ಲಿ ಸರ್ಕಾರಿ ರಫ್ತು ಸರಕಾಗಿತ್ತು.

ಹಣದ ಈ ಲೋಕಕ್ಕೆ ಪಕ್ಕದಲ್ಲೇ ಇನ್ನೊಂದು ಬಳಕೆಯೂ ಬೆಳೆಯಿತು. 2001ರಲ್ಲಿ ಯೊಕೊಹಾಮಾದಲ್ಲಿ ಆರಂಭವಾದ ನಾರಾನ ಸಂಚಾರಿ ಪ್ರದರ್ಶನಕ್ಕೆ ಅಭಿಮಾನಿಗಳು ಅವರ ಪಾತ್ರಗಳ ಬಟ್ಟೆಗೊಂಬೆಗಳನ್ನು ತಾವೇ ಹೊಲಿದು ಕಳಿಸಿದರು. 2002ರಲ್ಲಿ ಅದು ಹಿರೊಸಾಕಿಗೆ ಬಂದಾಗ ಊರಿನ ಸ್ವಯಂಸೇವಕರು ಹಳೆಯ ಇಟ್ಟಿಗೆ ಗೋದಾಮೊಂದನ್ನು ಗುಡಿಸಿ ತೊಳೆದು ಪ್ರದರ್ಶನಕ್ಕೆ ಸಜ್ಜುಮಾಡಿದರು. ಆ ಕಟ್ಟಡ 2020ರಲ್ಲಿ ಹಿರೊಸಾಕಿ ಸಮಕಾಲೀನ ಕಲಾ ಮ್ಯೂಸಿಯಂ ಆಗಿ ತೆರೆಯಿತು.

ನಾರಾನ ಚಿತ್ರಗಳ ದೊಡ್ಡ ಸಂಗ್ರಹ 2006ರಲ್ಲಿ ಬಾಗಿಲು ತೆರೆದ ಅಓಮೊರಿ ಕಲಾ ಮ್ಯೂಸಿಯಂನಲ್ಲಿದೆ, ಅವರ 8.5 ಮೀಟರ್ ಎತ್ತರದ ಬಿಳಿ ನಾಯಿಯೂ ಅಲ್ಲೇ ಬಯಲಿನಲ್ಲಿ ನಿಂತಿದೆ. ತೊಚಿಗಿ ಪ್ರಾಂತದಲ್ಲಿ 2018ರಿಂದ ಅವರದೇ ಎನ್ಸ್ ಯಾರ್ಡ್ ಎಂಬ ಪ್ರದರ್ಶನಾಲಯವಿದೆ. 'ಕೈಯಲ್ಲಿ ಚಾಕು ಹಿಡಿದ ಹುಡುಗಿ' ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಮ್ಯೂಸಿಯಂನಲ್ಲಿ, ಮುರಕಾಮಿಯ '727' ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ, ಐದಾನ 'ಬದು' ತೊಯೊತಾ ನಗರದ ಮ್ಯೂಸಿಯಂನಲ್ಲಿ, ಇಶಿದಾನ ಹಲವು ಚಿತ್ರಗಳು ಶಿಝುಓಕಾ ಪ್ರಾಂತೀಯ ಮ್ಯೂಸಿಯಂನಲ್ಲಿ ಇವೆ. ಶಿಮೊದಾ, ತಕಾಮತ್ಸು, ಹತ್ತೊರಿ ಅವರ ಹೊಸ ಕೆಲಸ ನೋಡಬೇಕೆಂದರೆ ಗ್ಯಾಲರಿಗಳ ಪ್ರದರ್ಶನಗಳಿಗೇ ಹೋಗಬೇಕು.